ಒಂದೇ ತಂತಿ, ಎರಡು ಖಾತೆ



ಹೋದ ಸಂಚಿಕೆಯಲ್ಲಿ ಗೋದಾಮಿನ ಬೆಂಕಿ ವಿಮೆಯ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ರಾಯದುರ್ಗದ ಜವಳಿ ವರ್ತಕರೊಬ್ಬರು ಫೋನ್ ಮಾಡಿ, "ಗೋದಾಮಿಗೆ ಬೆಂಕಿ ಬಿದ್ದರೆ ಹೊಗೆ ಕಾಣುತ್ತದೆ. ಕಂಪ್ಯೂಟರಿಗೆ ಬಿದ್ದರೆ ಏನು ಕಾಣುತ್ತದೆ?" ಎಂದು ಕೇಳಿದರು. ಅವರು ಕೇಳಿದ್ದು ತಮಾಷೆಗೆ. ನಮಗೆ ನಗು ಬರಲಿಲ್ಲ. ಆ ಬೆಂಕಿ ನಮ್ಮ ಅಂಗಡಿಯಲ್ಲೇ ಬಿದ್ದು ಹೋಗಿದೆ.

ನಮ್ಮದು ಮಡಕಶಿರಾ ಪಕ್ಕದ ಗುಡಿಬಂಡೆ. (ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಬೇರೆ. ನಮ್ಮ ಪಾರ್ಸೆಲ್‌ಗಳು ಆಗಾಗ ಅಲ್ಲಿಗೆ ಹೋಗಿ ಸುತ್ತಾಡಿಕೊಂಡು ಬರುತ್ತವೆ.) ಕೆಳಗೆ ಅಂಗಡಿ, ಮೇಲೆ ಮನೆ. ಕರೆಂಟು ಕಂಬದಿಂದ ಬಂದ ಒಂದೇ ಫೈಬರ್ ತಂತಿ, ಒಂದೇ ಮೋಡೆಮ್ ಡಬ್ಬಿ. ಬಿಲ್ಲಿನ ಕಂಪ್ಯೂಟರು, ಕ್ಯಾಮೆರಾ, ಮನೆಯ ಟಿವಿ, ಸೊಸೆಯಂದಿರ ಫೋನು, ಮೊಮ್ಮಕ್ಕಳ ಲ್ಯಾಪ್‌ಟಾಪು ಎಲ್ಲವೂ ಅದೇ ಡಬ್ಬಿಗೆ. ಒಂದೇ ಪಾಸ್‌ವರ್ಡು, ಬಂದ ನೆಂಟರಿಗೂ ಅದನ್ನೇ ಕೊಡುತ್ತಿದ್ದೆವು. ಕಾಫಿ ಕೊಟ್ಟಷ್ಟೇ ಸಲೀಸಾಗಿ.

ಒಂದು ತಿಂಗಳ 8ನೇ ತಾರೀಖು ಬೆಳಿಗ್ಗೆ ಕಂಪ್ಯೂಟರು ತೆರೆದರೆ ಲೆಕ್ಕದ ಕಡತಗಳ ಹೆಸರೆಲ್ಲ ವಿಚಿತ್ರವಾಗಿವೆ, ಒಂದೂ ತೆರೆಯುವುದಿಲ್ಲ. ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂದು ಇಂಗ್ಲಿಷಿನಲ್ಲಿ ಒಂದು ಚೀಟಿ. 11ಕ್ಕೆ ಜಿಎಸ್‌ಟಿಆರ್-1 ಸಲ್ಲಿಸಬೇಕು. ಇನ್ನು ಮೂರೇ ದಿನ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಕಂಪ್ಯೂಟರಿನ ಮುಂದೆ ದಿನವೂ ಕೂರುವವನು ನಮ್ಮ ಗುಮಾಸ್ತ, ಹದಿನಾಲ್ಕು ವರ್ಷದಿಂದ ನಮ್ಮಲ್ಲೇ ಇರುವ ಹುಡುಗ. ಗಿರಾಕಿಗಳು ನಿಂತಿರುವಾಗಲೇ, "ಏನು ಮಾಡಿದೆ ಇದಕ್ಕೆ? ಯಾರಿಗೆ ಕೊಟ್ಟೆ?" ಎಂದು ಕೇಳಿಬಿಟ್ಟೆವು. ಅವನು ಉತ್ತರ ಕೊಡಲಿಲ್ಲ. ತಕ್ಕಡಿ ಒರೆಸುತ್ತಾ ನಿಂತ.

ಹಿಂದೂಪುರದಿಂದ ಬಂದ ಮೆಕ್ಯಾನಿಕ್ ಸಂಜೆಯೊಳಗೆ ಮೂಲ ಹಿಡಿದ. ನಮ್ಮ ಮೊಮ್ಮಗ ಎಲ್ಲಿಂದಲೋ ಬಿಟ್ಟಿ ಆಟವೊಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ. ಅದರೊಳಗಿದ್ದ ರೋಗ ಮೊದಲು ಲ್ಯಾಪ್‌ಟಾಪನ್ನು ತಿಂದು, ಆಮೇಲೆ ಅಂಗಡಿಯ ಕಂಪ್ಯೂಟರಿಗೆ ಇಳಿದಿತ್ತು. ರಾತ್ರಿ ಮನೆಯಲ್ಲೇ ಕೂತು ಲೆಕ್ಕ ನೋಡಲು ಸುಲಭವಾಗಲೆಂದು ಲೆಕ್ಕದ ಫೋಲ್ಡರನ್ನು ಪಾಸ್‌ವರ್ಡಿಲ್ಲದೆ ತೆರೆದಿಡಿಸಿದ್ದವರು ನಾವೇ.

ಇದು ಹೊಸ ರೋಗವೇನಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ಸುಮಾರು 150 ದೇಶಗಳಲ್ಲಿ ಹಬ್ಬಿತು. ನಮ್ಮ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಅದಕ್ಕೆ ಸಿಕ್ಕವು. ಒಂದೇ ಜಾಲದಲ್ಲಿರುವ ಯಂತ್ರದಿಂದ ಯಂತ್ರಕ್ಕೆ, ಯಾರೂ ಏನನ್ನೂ ಒತ್ತದಿದ್ದರೂ, ತಾನೇ ಹರಿಯುವ ಜಾತಿ ಅದು.

ಮೆಕ್ಯಾನಿಕ್ ಹೇಳಿದ ಮದ್ದಿನ ಹೆಸರು ವಿಲ್ಯಾನ್. ನಾವು ಓದಿದ್ದು ಬರೀ ಮೆಟ್ರಿಕ್, ಮೊದಲು ಅರ್ಥವಾಗಲಿಲ್ಲ. ಆಮೇಲೆ ಶೇಂಗಾ ಮೂಟೆ ನೆನಪಾಯಿತು. ಒಂದೇ ಲಾರಿಯಲ್ಲಿ ನಾಲ್ಕು ಜನ ವರ್ತಕರ ಮೂಟೆ ಹೋಗುತ್ತದೆ. ಪ್ರತಿ ಚೀಲದ ಮೇಲೆ ಅವರವರ ಗುರುತು. ಇಳಿಸುವ ಹಮಾಲಿ ಗುರುತು ನೋಡಿ ಅವರವರ ರಾಶಿಗೆ ಹಾಕುತ್ತಾನೆ. ವಿಲ್ಯಾನ್ ಎಂದರೆ ಇಷ್ಟೇ. ತಂತಿಯಲ್ಲಿ ಹೋಗುವ ಒಂದೊಂದು ಪೊಟ್ಟಣಕ್ಕೂ ಒಂದು ಸಂಖ್ಯೆ ಬರೆಯುತ್ತಾರೆ. 1ರಿಂದ 4094ರವರೆಗೆ ಯಾವುದಾದರೂ ಆಗಬಹುದು. ಈ ಪದ್ಧತಿ 1998ರಲ್ಲಿ 802.1ಕ್ಯೂ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಒಂದೇ ನಿಯಮವಾಯಿತು. 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದ ನಮ್ಮ ರಾಜ್ಯದ ಫೈಬರ್ ಯೋಜನೆಯಲ್ಲಿ ಇಂಟರ್ನೆಟ್, ಟಿವಿ, ಫೋನು ಮೂರೂ ಒಂದೇ ತಂತಿಯಲ್ಲಿ ಬರುವ ಏರ್ಪಾಡಿದೆಯಲ್ಲ, ಅಂಥ ಕಡೆ ಮೂರನ್ನೂ ಬೇರ್ಪಡಿಸಿಡುವುದು ಸಾಮಾನ್ಯವಾಗಿ ಈ ಸಂಖ್ಯೆಗಳೇ.

ಈಗ ಮಾಡುವ ಬಗೆ. ಡಬ್ಬಿಯ ಅಡಿಯ ಚೀಟಿಯಲ್ಲಿ ವಿಳಾಸವಿರುತ್ತದೆ, ಹೆಚ್ಚಾಗಿ 192.168.1.1. ಅದನ್ನು ಬ್ರೌಸರಿನಲ್ಲಿ ಹೊಡೆದು ಒಳಗೆ ಹೋಗಿ, ಮೊದಲು ಕಂಪನಿ ಕೊಟ್ಟ ಪಾಸ್‌ವರ್ಡು ಬದಲಿಸಿ. ಎರಡನೆಯದು, ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. 'ವ್ಯಾನ್' ಎಂಬ ಪುಟದಲ್ಲಿ ಕಂಪನಿಯವರು ಹಾಕಿದ ಒಂದು ವಿಲ್ಯಾನ್ ಸಂಖ್ಯೆ ಇರುತ್ತದೆ. ಅದು ಹೊರಗಿನ ದಾರಿಯದು, ದಯವಿಟ್ಟು ಮುಟ್ಟಬೇಡಿ. ನಾವು ಮುಟ್ಟಿದೆವು. ಒಂದೂವರೆ ದಿನ ಇಂಟರ್ನೆಟ್ ಸತ್ತಿತು. ಮನೆಯವರ ಧಾರಾವಾಹಿ ತಪ್ಪಿ ನಮಗೆ ಸಿಕ್ಕ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನಮ್ಮ ಬದಲಾವಣೆ ಒಳಗಿನ 'ಲ್ಯಾನ್' ಕಡೆ. ಅಂಗಡಿಗೆ 10, ಮನೆಗೆ 20, ಕ್ಯಾಮೆರಾಕ್ಕೆ 30 ಎಂದು ಇಟ್ಟೆವು. ಡಬ್ಬಿಯ ಒಂದನೇ ಕಿಂಡಿ ಅಂಗಡಿಗೆ, ಎರಡನೆಯದು ಮನೆಗೆ, ಮೂರನೆಯದು ಕ್ಯಾಮೆರಾಕ್ಕೆ. ವೈಫೈ ಹೆಸರೂ ಎರಡು, ಪಾಸ್‌ವರ್ಡೂ ಎರಡು. ವಿಳಾಸಗಳೂ ಬೇರೆ: ಅಂಗಡಿಯವು 192.168.10ರಿಂದ, ಮನೆಯವು 192.168.20ರಿಂದ ಶುರುವಾಗುತ್ತವೆ. ಇಷ್ಟಕ್ಕೇ ಮುಗಿಯಿತೆಂದು ತಿಳಿಯಬೇಡಿ. ಸಂಖ್ಯೆ ಬೇರೆಯಾದರೂ ಡಬ್ಬಿಯೇ ನಡುವೆ ದಾರಿ ಮಾಡಿಕೊಡಬಹುದು. 10ರಿಂದ 20ಕ್ಕೆ, 20ರಿಂದ 10ಕ್ಕೆ ಹೋಗಕೂಡದು, ಕ್ಯಾಮೆರಾ ಯಾವ ಕಡೆಗೂ ಹೋಗಕೂಡದು ಎಂಬ ನಿಯಮವನ್ನು ಫೈರ್‌ವಾಲ್ ಪುಟದಲ್ಲಿ ಬರೆಯಬೇಕು. ಪರೀಕ್ಷೆ ಹೀಗೆ: ಮನೆಯ ವೈಫೈನಲ್ಲಿರುವ ಫೋನಿನಿಂದ ಅಂಗಡಿಯ ಪ್ರಿಂಟರಿನ ವಿಳಾಸ ಹೊಡೆಯಿರಿ. ಪುಟ ತೆರೆದರೆ ಗೋಡೆಯಲ್ಲಿ ಕಿಂಡಿ ಉಳಿದಿದೆ ಎಂದರ್ಥ.

ಎಲ್ಲ ಡಬ್ಬಿಗಳಲ್ಲೂ ಇಷ್ಟು ಸೌಕರ್ಯವಿರುವುದಿಲ್ಲ. ಅಂಥವರು 'ಗೆಸ್ಟ್' ವೈಫೈ ತೆರೆದು ಮನೆಯ ಫೋನುಗಳನ್ನೂ ನೆಂಟರನ್ನೂ ಅದಕ್ಕೆ ಹಾಕಿದರೆ ಅರ್ಧ ಕೆಲಸವಾಯಿತು. ಕಷ್ಟವೂ ಇದೆ. ಮೊಮ್ಮಗಳ ಶಾಲೆಯ ಕಾಗದ ಈಗ ಅಂಗಡಿಯ ಪ್ರಿಂಟರಿಗೆ ಬರುವುದಿಲ್ಲ. ಪೆನ್‌ಡ್ರೈವ್ ಹಿಡಿದು ಮೆಟ್ಟಿಲಿಳಿದು ಬಂದಳು. ಅದನ್ನೂ ಬೇಡವೆಂದೆವು, ರೋಗ ಅದರಲ್ಲೂ ಬರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲೇ ಯಾರಾದರೂ ಕೆಟ್ಟ ಮೇಲ್ ತೆರೆದರೆ ವಿಲ್ಯಾನ್ ಏನೂ ಮಾಡಲಾರದು. ಆದ್ದರಿಂದ ಲೆಕ್ಕದ ಒಂದು ನಕಲನ್ನು ವಾರಕ್ಕೊಮ್ಮೆ ತೆಗೆದು, ತಂತಿ ಕಳಚಿ ಬೀರುವಿನಲ್ಲಿಡುತ್ತೇವೆ.

2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ನಮ್ಮ ಗುಡಿಬಂಡೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕಚೇರಿ ಬೇರೆಯಾದರೂ ನೆಂಟಸ್ತನ ಹಾಗೇ ಇದೆ. ನಮ್ಮ ಮನೆಯಲ್ಲಿ ಹತ್ತು-ಇಪ್ಪತ್ತು ಬೇರೆಯಾದಾಗ ನಮ್ಮ ತಮ್ಮ, "ಅಣ್ಣ ಪಾಲು ಮಾಡಿದ" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಡಬ್ಬಿ ತೋರಿಸಿ ವಿವರಿಸಬೇಕಾಯಿತು.

ಹಣ ನಾವು ಕೊಡಲಿಲ್ಲ. ಹಳೆಯ ಅಭ್ಯಾಸದಿಂದ ಕೈಯಲ್ಲಿ ಬರೆಯುತ್ತಿದ್ದ ರೋಜು ಪುಸ್ತಕ ಉಳಿದಿತ್ತು. 8, 9, 10 ಮೂರು ರಾತ್ರಿ ಅದನ್ನು ನೋಡಿ ನಾವು ಓದಿದೆವು, ಗುಮಾಸ್ತ ಬೇರೆ ಕಂಪ್ಯೂಟರಿನಲ್ಲಿ ಹೊಡೆದ. ಎರಡನೇ ರಾತ್ರಿ, ಎಣ್ಣೆ ಡಬ್ಬದ ಬಿಲ್ಲುಗಳ ನಡುವೆ, "ಅವತ್ತು ಹಾಗೆ ಕೇಳಬಾರದಿತ್ತಪ್ಪ" ಎಂದೆವು. ಅವನು ತಲೆ ಎತ್ತದೆ, "ಮುಂದಿನ ಬಿಲ್ ನಂಬರ್ ಹೇಳಿ ಸಾರ್" ಎಂದ. 11ರ ಮಧ್ಯಾಹ್ನ ರಿಟರ್ನು ಹೋಯಿತು. ಮರುದಿನ ಬೆಳಿಗ್ಗೆ ಅಂಗಡಿ ತುಂಬಿದಾಗ ಅದೇ ಮಾತನ್ನು ಗಿರಾಕಿಗಳ ಮುಂದೆ ಇನ್ನೊಮ್ಮೆ ಹೇಳಿದೆವು. ಮೋಡೆಮ್‌ನ ಹೊಸ ಪಾಸ್‌ವರ್ಡು ಈಗ ಅವನ ಹತ್ತಿರವೇ ಇದೆ, ನಮಗೆ ನೆನಪಿರುವುದಿಲ್ಲ.