ಒಲೆಯ ಮುಂದೆ ನಿಂತವರು

ಅಡುಗೆಮನೆಯನ್ನು ಕುರಿತ ಚಲನಚಿತ್ರಗಳು ಸಾಮಾನ್ಯವಾಗಿ ರುಚಿಯ ಕಥೆಗಳಾಗಿರುತ್ತವೆ. ಬಾಣಸಿಗನ ಸಿಟ್ಟು, ಕುಡಿತ, ಒಂಟಿತನಗಳೆಲ್ಲವೂ ಅಲ್ಲಿ ಪ್ರತಿಭೆಗೆ ತೆರಬೇಕಾದ ಸುಂಕದಂತೆ ತೋರಿ, ಕೊನೆಗೆ ಒಂದು ಅಪೂರ್ವ ಭಕ್ಷ್ಯದಲ್ಲಿ ಸಾರ್ಥಕಗೊಳ್ಳುತ್ತವೆ. 2021ರಲ್ಲಿ ಇಂಗ್ಲೆಂಡಿನ ಫಿಲಿಪ್ ಬರಾಂಟಿನಿ ನಿರ್ದೇಶಿಸಿದ ‘ಬಾಯ್ಲಿಂಗ್ ಪಾಯಿಂಟ್’ ಚಿತ್ರ ಇಂಥ ಸುಲಭದ ಸಮಾಧಾನವನ್ನು ನೀಡುವುದಿಲ್ಲ. ಹೊರನಾಡ ಕನ್ನಡಿಗರು ಅದನ್ನು ನೋಡಬೇಕೆಂದು ನನಗನ್ನಿಸಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಅನೇಕ ಮನೆತನಗಳ ಪರಸ್ಥಳದ ಬದುಕು ಮೊದಲಾದದ್ದು ಹೋಟೆಲಿನ ಒಲೆಯ ಮುಂದೆ.

ಬರಾಂಟಿನಿ ಸ್ವತಃ ಹಲವು ವರ್ಷ ಬಾಣಸಿಗನಾಗಿ ದುಡಿದವರು. ಕ್ರಿಸ್‌ಮಸ್ ಸಮೀಪಿಸಿದ ಒಂದು ಸಂಜೆ ಲಂಡನ್ನಿನ ರೆಸ್ಟೋರೆಂಟೊಂದರಲ್ಲಿ ನಡೆಯುವುದನ್ನು ಅವರು ಸುಮಾರು ಒಂದೂವರೆ ಗಂಟೆಯ ಒಂದೇ ಚಿತ್ರಿಕೆಯಲ್ಲಿ, ನಡುವೆ ಎಲ್ಲೂ ಕತ್ತರಿಸದೆ, ಹಿಡಿದಿಟ್ಟಿದ್ದಾರೆ. ಇದನ್ನು ಬರಿಯ ಚಮತ್ಕಾರವೆನ್ನಲಾಗದು. ಅಡುಗೆಮನೆಯಲ್ಲಿ ದುಡಿಯುವವನಿಗೆ ಬಿಡುವಿಲ್ಲ. ಆದ್ದರಿಂದ ನೋಡುವವನಿಗೂ ಇಲ್ಲ.

ಸ್ಟೀಫನ್ ಗ್ರಹಾಂ ಅಭಿನಯಿಸಿದ ಮುಖ್ಯ ಬಾಣಸಿಗ ಆಂಡಿ ಕೆಟ್ಟವನಲ್ಲ. ಸಂಸಾರ ಮುರಿದಿದೆ, ಮಗನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗಿಲ್ಲ, ಹಳೆಯ ಗುರುವಿನ ಸಾಲ ತಲೆಯ ಮೇಲಿದೆ. ಲೆಕ್ಕಪತ್ರಗಳನ್ನು ಸರಿಯಾಗಿ ಇಡದ ಕಾರಣ ಆರೋಗ್ಯಾಧಿಕಾರಿ ರೆಸ್ಟೋರೆಂಟಿನ ಶುಚಿತ್ವದ ಅಂಕವನ್ನು 5ರಿಂದ 3ಕ್ಕೆ ಇಳಿಸುತ್ತಾನೆ. ಲೋಪ ಆಂಡಿಯದು, ಬೈಗುಳ ಮಾತ್ರ ಕೈಕೆಳಗಿನವರಿಗೆ. ಮೇಲಿನಿಂದ ಬಿದ್ದ ಭಾರ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಸಂಬಳ ಹೆಚ್ಚಿಸಿರೆಂದು ಕೇಳಿ ಕೇಳಿ ದಣಿದ ಉಪಬಾಣಸಿಗೆ ಕಾರ್ಲಿ, ರಾಶಿಬಿದ್ದ ಪಾತ್ರೆಗಳನ್ನು ತೊಳೆಯುವ ಗರ್ಭಿಣಿ, ಮುಂಗೈಯ ಗಾಯದ ಗುರುತುಗಳನ್ನು ತೋಳಂಗಿಯಲ್ಲಿ ಮುಚ್ಚಿಟ್ಟುಕೊಂಡ ಎಳೆಯ ಹುಡುಗ—ಕ್ಯಾಮೆರಾ ಇವರೆಲ್ಲರ ಬಳಿ ಕ್ಷಣಕಾಲ ನಿಂತು ಮುಂದೆ ಸಾಗುತ್ತದೆ. ಗಿರಾಕಿಯೊಬ್ಬಳ ಜೀವಕ್ಕೆ ಅಪಾಯವೊದಗಿದಾಗ ಮೊದಲು ಏಳುವ ಪ್ರಶ್ನೆ, ತಪ್ಪನ್ನು ಯಾರ ತಲೆಗೆ ಕಟ್ಟಬಹುದು ಎಂಬುದು. ಕೊನೆಗೆ ಕುಸಿಯುವವನು ಆಂಡಿ. ಆದರೆ ಆ ಹೊತ್ತಿಗೆ ಇಡೀ ಅಡುಗೆಮನೆಯೇ ಕುಸಿದಿರುತ್ತದೆ.

ಈ ಚಿತ್ರದಿಂದ ನಾನು ಗ್ರಹಿಸಿದ್ದು ಇಷ್ಟು: ಅಡುಗೆಮನೆಯ ಕ್ರೌರ್ಯ ಒಬ್ಬನ ಸ್ವಭಾವದೋಷವಲ್ಲ. ಅದು ಸಾಲ, ಸಾಲದ ಸಿಬ್ಬಂದಿ, ಮುಗಿಯದ ದುಡಿಮೆಯ ವೇಳೆ ಇವುಗಳ ಫಲ. ಸಿಡುಕು ಕಲಾವಿದನ ಹಕ್ಕೆಂದು ಒಪ್ಪಿಕೊಂಡವರು ಈ ಲೆಕ್ಕವನ್ನು ನೋಡಲು ಮನಸ್ಸಿಲ್ಲದವರು.

ಲಂಡನ್ನಿನ ಈ ಕಥೆ ನಮಗೆ ದೂರದ್ದಲ್ಲ. 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಅಡುಗೆಮನೆಯ ಕೆಳಗಿನ ಕೆಲಸಗಳಿಂದ ಮೇಲೆ ಬಂದವರು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಪದವೀಧರರಾದದ್ದೂ ನಮ್ಮ ಹೆಮ್ಮೆಯ ಇತಿಹಾಸವೇ. ಆದರೆ ಇವು ದಡ ಮುಟ್ಟಿದವರ ಕಥೆಗಳು. ಮುಸುರೆಯ ನೀರಿನಲ್ಲಿ ಕೈ ಹುಣ್ಣಾದವರು, ದೋಸೆಯ ಕಾವಲಿಯ ಮುಂದೆ ಪ್ರಾಯ ಕಳೆದು ಕುಡಿತಕ್ಕೆ ಬಿದ್ದವರು, ಊರಿಗೆ ಮುಖ ತೋರಿಸಲಾರದೆ ಉಳಿದವರು ನಮ್ಮ ಯಾವ ಸ್ಮರಣ ಸಂಚಿಕೆಯಲ್ಲಿದ್ದಾರೆ? ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಎಷ್ಟು ಬಾಲ್ಯಗಳು ಆ ಹೊಗೆಯಲ್ಲಿ ಕಳೆದುಹೋದವೋ! ಇಂದು ಅದೇ ಒಲೆಗಳ ಮುಂದೆ ಬೇರೆ ಸೀಮೆಗಳ, ಬೇರೆ ಭಾಷೆಗಳ ಯುವಕರೂ ನಿಂತಿದ್ದಾರೆ. ನಮ್ಮ ಹಿರಿಯರು ಒಮ್ಮೆ ಹೇಗೆ ಪರಕೀಯರಾಗಿದ್ದರೋ, ಇವರೂ ಇಂದು ಹಾಗೆಯೇ.

ಹೊರನಾಡ ಸಂಘಗಳ ಭವನಗಳಿಗೂ ಉತ್ಸವಗಳಿಗೂ ಕೈಯೆತ್ತಿ ಕೊಟ್ಟವರಲ್ಲಿ ಹೋಟೆಲು ಉದ್ಯಮಿಗಳು ಮುಂದಿದ್ದಾರೆಂಬುದನ್ನು ಅರಿತೇ ನಾನಿದನ್ನು ಬರೆಯುತ್ತಿದ್ದೇನೆ. ಅವರ ಔದಾರ್ಯಕ್ಕೆ ನಾವು ಋಣಿಗಳು. ಆ ಋಣವೇ ಈ ಮಾತನ್ನು ಆಡುವ ಸಲಿಗೆಯನ್ನೂ ಕೊಟ್ಟಿದೆ. ವಾರಕ್ಕೊಂದು ನಿಜವಾದ ರಜೆ, ಮಲಗಲು ಗಾಳಿ ಬೆಳಕಿನ ಜಾಗ, ಮನಸ್ಸು ಕುಸಿದಾಗ ಕೆಲಸ ಹೋಗುವ ಭಯವಿಲ್ಲದೆ ಹೇಳಿಕೊಳ್ಳಲು ಒಬ್ಬ ಹಿರಿಯ—ಇಷ್ಟನ್ನು ಕೊಡುವುದಕ್ಕೆ ಯಾವ ಕಾಯಿದೆಯೂ ಬಂದು ಬಾಗಿಲು ತಟ್ಟಬೇಕಿಲ್ಲ. ಅಡುಗೆಮನೆಯಿಂದ ಮೇಲೆ ಬಂದ ಧಣಿಗಳಿಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು.

ಅನ್ನದಾತಾ ಸುಖೀಭವ ಎಂದು ಉಂಡವರು ಹರಸುವುದು ನಮ್ಮ ಸಂಪ್ರದಾಯ. ಆ ಹರಕೆ ಗಲ್ಲಾಪೆಟ್ಟಿಗೆಯ ಬಳಿಯೇ ನಿಂತುಬಿಡದೆ ಒಳಗೆ ಒಲೆಯವರೆಗೂ ತಲುಪಲಿ.