ಎಫ್‌ಐಆರ್‌ಗೆ 24 ಗಂಟೆ, ಖುಲಾಸೆಗೆ ಎಷ್ಟು ದಿನ ಸ್ವಾಮಿ?

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಅಂತ ನಮ್ಮಲ್ಲೊಂದು ಗಾದೆ ಇದೆ. ಸತ್ತವನ ಮಾತು ಹಾಗಿರಲಿ, ಗೆದ್ದವನು ಹೇಗೆ ಸೋಲ್ತಾನೆ? ಖರ್ಚು, ಅಲೆದಾಟ, ವರ್ಷಗಟ್ಟಲೆ ವಾಯಿದೆ ಅಂತ ಎಲ್ಲರೂ ಹೇಳ್ತಾರೆ. ಇನ್ನೊಂದು ರೀತಿಯಲ್ಲೂ ಸೋಲ್ತಾನೆ. ಗೆದ್ದಿದ್ದೀನಿ ಅಂತ ತೋರಿಸೋಕೆ ಅವನ ಹತ್ರ ಒಂದು ಕಾಗದ ಇರೋದಿಲ್ಲ! ಇದರ ಬಗ್ಗೆ ಬಹಳ ದಿನದಿಂದ ಬರೆಯಬೇಕು ಅಂದ್ಕೊಂಡಿದ್ದೆ.

ನಮ್ಮ ಲಕ್ಕೂರು ಗೊತ್ತಿಲ್ಲದವರಿಗೆ: ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ಹೋಬಳಿ. ಇಲ್ಲಿನ ಹುಡುಗರು ಮಾಲೂರಿನ ಕಾರ್ಖಾನೆಗೂ ಹೋಗ್ತಾರೆ, ಗಡಿ ದಾಟಿ ಹೊಸೂರಿಗೂ ಹೋಗ್ತಾರೆ. ಹತ್ತು ವರ್ಷದ ಹಿಂದೆ ಗೇಟಿನಲ್ಲಿ ಆಧಾರ್ ಕಾರ್ಡು ತೋರಿಸಿದ್ರೆ ಸಾಕಿತ್ತು. ಈಗ ಸೆಕ್ಯುರಿಟಿ ಕೆಲಸ ಇರಲಿ, ಡ್ರೈವರ್ ಕೆಲಸ ಇರಲಿ, ಪೊಲೀಸ್ ವೆರಿಫಿಕೇಷನ್ ಸರ್ಟಿಫಿಕೇಟ್ ತಾ ಅಂತಾರೆ. ಸೇವಾ ಸಿಂಧುನಲ್ಲಿ ಅರ್ಜಿ ಹಾಕಬೇಕು. ಕೇಸು ಇಲ್ಲದವನಿಗೆ ಇದು ದೊಡ್ಡ ವಿಷಯ ಅಲ್ಲ. ಒಂದು ಕಾಲದಲ್ಲಿ ಕೇಸು ಇದ್ದು, ಈಗ ಇಲ್ಲದವನ ಗತಿ ನೋಡಿ...

2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟು ಯೂತ್ ಬಾರ್ ಅಸೋಸಿಯೇಷನ್ ಹಾಕಿದ್ದ ಅರ್ಜಿಯಲ್ಲಿ ಒಂದು ಆದೇಶ ಕೊಟ್ಟಿತು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ವೆಬ್‌ಸೈಟಿಗೆ ಹಾಕಬೇಕು. ನೆಟ್ ಸಿಗದ ದುರ್ಗಮ ಜಾಗ ಆದ್ರೆ 72 ಗಂಟೆಯವರೆಗೆ ಸಮಯ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆ ಇಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಉದ್ದೇಶ ಒಳ್ಳೇದೇ. ತನ್ನ ಮೇಲೆ ಏನು ಆರೋಪ ಇದೆ ಅಂತ ಆರೋಪಿಗೆ ಬೇಗ ಗೊತ್ತಾಗಲಿ, ಜಾಮೀನಿಗೆ ಓಡಾಡೋಕೆ ಅನುಕೂಲ ಆಗಲಿ ಅನ್ನೋದು. ಆದರೆ ಒಮ್ಮೆ ಅಲ್ಲಿಗೆ ಹೋದ ಎಫ್‌ಐಆರ್ ಎಫ್‌ಐಆರ್ ಆಗೇ ಉಳಿಯುತ್ತೆ. ಪೊಲೀಸರೇ ಬಿ ರಿಪೋರ್ಟ್ ಹಾಕಿದ್ರಾ, ಕೋರ್ಟು ಖುಲಾಸೆ ಮಾಡ್ತಾ, ಹೈಕೋರ್ಟು ಕೇಸನ್ನೇ ರದ್ದು ಮಾಡ್ತಾ ಅನ್ನೋದು ಆ ಹಾಳೆಯಲ್ಲಿ ಇರಲ್ಲ. ಕಥೆಯ ಮೊದಲ ಪುಟ ಒಂದು ಕಡೆ, ಕೊನೇ ಪುಟ ಇನ್ನೆಲ್ಲೋ.

ಕೊನೇ ಪುಟ ಎಲ್ಲಿರುತ್ತೆ? ಕೋರ್ಟಿನಲ್ಲಿ. ಅದನ್ನು ಹುಡುಕೋಕೆ ಇ-ಕೋರ್ಟ್ಸ್ ವೆಬ್‌ಸೈಟ್ ಇದೆ. ಯೋಜನೆ ಶುರುವಾಗಿದ್ದು 2007ರಲ್ಲಿ. ಒಳ್ಳೇ ಕೆಲಸ, ಬೈಯೋಕೆ ಮನಸ್ಸು ಬರಲ್ಲ. ಪ್ರತಿ ಕೇಸಿಗೂ 16 ಅಕ್ಷರ-ಅಂಕೆಗಳ ಒಂದು ಸಿಎನ್‌ಆರ್ ನಂಬರ್ ಇರುತ್ತೆ. ಅದು ಗೊತ್ತಿದ್ರೆ ಒಂದೇ ಕ್ಲಿಕ್. ಗೊತ್ತಿಲ್ದೆ ಇದ್ರೆ? ಜಿಲ್ಲೆ ಆರಿಸಿ, ಕೋರ್ಟು ಸಂಕೀರ್ಣ ಆರಿಸಿ, ವರ್ಷ ಹಾಕಿ, ಹೆಸರು ಹಾಕಿ. ಹೆಸರು! ಇಲ್ಲೇ ಇರೋದು ಮಜಾ. ನಮ್ಮ ಕಡೆ ಊರಿಗೆ ಹತ್ತು ಜನ ಮುನಿಯಪ್ಪ, ಹನ್ನೆರಡು ಜನ ನಾರಾಯಣಸ್ವಾಮಿ. ಕನ್ನಡದಲ್ಲಿ ಬರೆದ್ರೆ ಒಂದೇ ಹೆಸರು. ಅದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದವರು ಒಬ್ಬೊಬ್ಬರು ಒಂದೊಂದು ಥರ ಮಾಡಿರ್ತಾರೆ. ಒಬ್ಬರು ವೈ ಹಾಕ್ತಾರೆ, ಒಬ್ಬರು ಬಿಡ್ತಾರೆ. ನಾರಾಯಣ ಒಂದು ಕಡೆ, ಸ್ವಾಮಿ ಒಂದು ಕಡೆ, ಮಧ್ಯೆ ಜಾಗ ಬಿಟ್ಟಿರ್ತಾರೆ. ಯೂನಿಕೋಡ್ ಕನ್ನಡದಲ್ಲಿ ಬರೀಬೇಕು ಅಂತ ಹಟ ಹಿಡಿದು ಕೂತಿರೋ ನಮ್ಮಂಥವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ :)

ಇನ್ನೊಂದು ತೊಡಕು. ಕೋಲಾರ ಒಂದೇ ಜಿಲ್ಲೆ ಆದ್ರೂ ಪೊಲೀಸರ ಲೆಕ್ಕದಲ್ಲಿ ಎರಡು. ಕೆಜಿಎಫ್‌ಗೆ ಬೇರೆ ಎಸ್‌ಪಿ. ಬಂಗಾರಪೇಟೆಯಲ್ಲಿ ಆದ ಕೇಸನ್ನು ಪೊಲೀಸ್ ವೆಬ್‌ಸೈಟಿನ 'ಕೋಲಾರ'ದಲ್ಲಿ ಹುಡುಕಿದ್ರೆ ಸಿಗಲ್ಲ, 'ಕೆಜಿಎಫ್' ಆರಿಸಬೇಕು. ಹೊಸೂರಿನಲ್ಲಿ ಆದ ಕೇಸಾದ್ರೆ ರಾಜ್ಯವೇ ಬೇರೆ, ಎಫ್‌ಐಆರ್ ತಮಿಳಿನಲ್ಲಿ.

ನಮ್ಮೂರಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ ಒಬ್ಬ ಅಣ್ಣ ಇದಾರೆ. ಬದುವಿನ ಜಗಳ, ಎರಡೂ ಮನೆಯವರ ಮೇಲೆ ಕೇಸು, ಎದುರು ಕೇಸು. ಕೊನೆಗೆ ಊರಿನವರೇ ಕೂರಿಸಿ ಮಾತಾಡಿದ್ರು, ಸಾಕ್ಷಿಗಳು ನಮಗೇನೂ ಗೊತ್ತಿಲ್ಲ ಅಂದ್ರು, ಎಲ್ಲರಿಗೂ ಖುಲಾಸೆ ಆಯ್ತು. ವಕೀಲರು "ಕೇಸು ಹೋಯ್ತು, ಹೋಗ್ರಪ್ಪಾ" ಅಂದ್ರು, ಇವರು ಬಂದ್ರು. ನಾಲ್ಕು ವರ್ಷ ಆದ ಮೇಲೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಗೋ ಹೊತ್ತಿಗೆ ಹಳೇ ಎಫ್‌ಐಆರ್ ಎದ್ದು ಬಂತು. "ನೀನು ಕಂಪ್ಯೂಟ್ರು ಓದಿರೋನಲ್ವೇನಪ್ಪಾ, ಅದ್ರಾಗೆ ಎಲ್ಲಾ ಬತ್ತದಂತೆ, ಒಂದು ಕಾಪಿ ತೆಗ್ದು ಕೊಡು" ಅಂದ್ರು. ಹೆಸರು ಹಾಕಿದ್ರೆ ಸಿಗಲಿಲ್ಲ. ಕ್ರೈಂ ನಂಬರ್ ಹಾಕಿ ಹುಡುಕಿದ ಮೇಲೆ ಸಿಕ್ತು. ವಿಲೇವಾರಿ, ಖುಲಾಸೆ ಅಂತ ತೋರಿಸ್ತಿತ್ತು. ಪ್ರಿಂಟ್ ತೆಗೆದು ಕೊಟ್ಟೆ. ಕಾರ್ಖಾನೆಯವರು ಇದು ನಡೆಯಲ್ಲ, ಸೀಲು ಇರೋ ಕಾಪಿ ಬೇಕು ಅಂದ್ರು. ಅರ್ಜಿ ಹಾಕೋಕೆ ಒಂದು ದಿನ, ಕಾಪಿ ತರೋಕೆ ಇನ್ನೊಂದು ದಿನ, ಮಧ್ಯೆ ಫೈಲು ಹುಡುಕೋ ನೆಪದಲ್ಲಿ ಮತ್ತೊಂದು ದಿನ. ಮೂರು ದಿನದ ಕೂಲಿ ಹೋಯ್ತು. ಕಾಪಿ ಕೈಗೆ ಬರೋ ಹೊತ್ತಿಗೆ ಆ ಕೆಲಸಕ್ಕೆ ಬೇರೆಯವರನ್ನು ತಗೊಂಡಾಗಿತ್ತು.

ಇದರಲ್ಲಿ ಯಾರೂ ಕೆಟ್ಟವರಿಲ್ಲ, ಗಮನಿಸಿ. ಗುಮಾಸ್ತರು ತಮ್ಮ ಕೆಲಸ ಮಾಡಿದ್ರು. ತೊಂದರೆ ಇರೋದು ಕಾನೂನಿನಲ್ಲೇ. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 404ನೇ ಕಲಂ (ಹಳೇದರಲ್ಲಿ 363) ಏನು ಹೇಳುತ್ತೆ ಗೊತ್ತಾ? ಜೈಲು ಶಿಕ್ಷೆ ಆದವನಿಗೆ ತೀರ್ಪಿನ ಪ್ರತಿಯನ್ನು ತಕ್ಷಣ, ಪುಕ್ಕಟೆಯಾಗಿ ಕೊಡಬೇಕು. ಸರಿ, ಅವನು ಅಪೀಲು ಹೋಗಬೇಕಲ್ಲ. ಉಳಿದ ಆರೋಪಿಗಳು ಅರ್ಜಿ ಹಾಕಿ ದೃಢೀಕೃತ ನಕಲು ತಗೋಬೇಕು. ಅವರು ಅಪೀಲು ಹೋಗಬಹುದಾದ ತೀರ್ಪಾದ್ರೆ ಅದೂ ಪುಕ್ಕಟೆ. ಖುಲಾಸೆ ಆದವನು ಅಪೀಲು ಹೋಗೋದೇನಿದೆ? ಹಾಗಾಗಿ ಅವನಿಗೆ ತಾನಾಗೇ ಸಿಗೋದೂ ಇಲ್ಲ, ಪುಕ್ಕಟೆ ಹಕ್ಕೂ ಇಲ್ಲ. ಅಪರಾಧಿಗೆ ಬಾಗಿಲಲ್ಲೇ ಪ್ರತಿ, ನಿರಪರಾಧಿಗೆ ಸರದಿ!

ಹೊಸ ಕಾನೂನಿನಲ್ಲಿ ಒಂದು ಒಳ್ಳೇ ಸಾಲು ಸೇರಿದೆ. 392ನೇ ಕಲಂ ಪ್ರಕಾರ ತೀರ್ಪಿನ ಪ್ರತಿಯನ್ನು ಕೋರ್ಟು ಏಳು ದಿನದೊಳಗೆ ತನ್ನ ಪೋರ್ಟಲ್‌ಗೆ ಹಾಕಬೇಕು, ಆದರೆ "ಸಾಧ್ಯವಾದಷ್ಟು ಮಟ್ಟಿಗೆ". ಆರೋಪಕ್ಕೆ 24 ಗಂಟೆ, ತೀರ್ಪಿಗೆ ಸಾಧ್ಯವಾದರೆ ಏಳು ದಿನ. 2024ಕ್ಕಿಂತ ಹಿಂದಿನ ಕೇಸುಗಳಿಗೆ ಆ ಭರವಸೆಯೂ ಇರಲಿಲ್ಲ.

ಆರ್‌ಟಿಐ ಹಾಕಿ ಅಂತೀರಾ? ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅಷ್ಟೆಲ್ಲ ಪಾಲಿಸಿದ್ರೂ ಕೋರ್ಟಿನ ದಾಖಲೆಗೆ ಅದು ನಡೆಯಲ್ಲ. ಕೋರ್ಟಿನ ನಿಯಮಗಳಲ್ಲೇ ನಕಲು ಪಡೆಯೋ ದಾರಿ ಇರುವಾಗ ಆ ದಾರಿಯಲ್ಲೇ ಬನ್ನಿ ಅಂತ ಸುಪ್ರೀಂ ಕೋರ್ಟು 2020ರ ಮಾರ್ಚ್‌ನಲ್ಲಿ, ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಸಣ್ಣ ಕೇಸು ತಾನೇ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀಯ ಅನ್ನಬಹುದು. ಸಣ್ಣ ಕೇಸೇ ಜಾಸ್ತಿ ಕಾಡೋದು. ಯುಗಾದಿ ಬಂತು ಅಂದ್ರೆ ನಮ್ಮ ಕಡೆ ಇಸ್ಪೀಟು. ಪೊಲೀಸರು ಹಿಡೀತಾರೆ, ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಕೇಸು. "ತಪ್ಪಾಯ್ತು ಅಂತ ಒಪ್ಕೊಂಡು ಫೈನ್ ಕಟ್ಟಿ ಬಾ, ಮುಗೀತು" ಅಂತ ಎಲ್ಲರೂ ಬುದ್ಧಿ ಹೇಳ್ತಾರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ರೆ ಅದೂ ಒಂದು ಶಿಕ್ಷೆಯ ತೀರ್ಪೇ ಅನ್ನೋದನ್ನ ಯಾರೂ ಹೇಳಲ್ಲ. ಮುಂದೆ ಸರ್ಕಾರಿ ಕೆಲಸದ ಫಾರಂನಲ್ಲಿ "ನಿಮ್ಮ ಮೇಲೆ ಯಾವತ್ತಾದ್ರೂ ಕೇಸು ಇತ್ತಾ, ಬಂಧನ ಆಗಿತ್ತಾ, ದಂಡ ಆಗಿತ್ತಾ" ಅಂತ ಕೇಳ್ತಾರೆ. ಹುಡುಗ ಇಲ್ಲ ಅಂತ ಬರೀತಾನೆ. 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಅಭ್ಯರ್ಥಿ ಕೊಡೋ ಮಾಹಿತಿ ನಿಜ ಇರಬೇಕು, ಏನನ್ನೂ ಮುಚ್ಚಿಡಬಾರದು. ಕ್ಷುಲ್ಲಕ ಪ್ರಕರಣ ಆದ್ರೆ ಮುಚ್ಚಿಟ್ಟಿದ್ದನ್ನು ಕ್ಷಮಿಸೋದು ಕೆಲಸ ಕೊಡೋರ ವಿವೇಚನೆಗೆ ಬಿಟ್ಟಿದ್ದು. ಅಂದ್ರೆ ನನ್ನ ದಾಖಲೆಯಲ್ಲಿ ಏನಿದೆ ಅಂತ ನನಗೆ ಮೊದಲು ಗೊತ್ತಿರಬೇಕು. ಗೊತ್ತಾಗೋ ಸುಲಭದ ದಾರಿ ಮಾತ್ರ ಇಲ್ಲ.

ನಮ್ಮ ಜಿಲ್ಲೆಯದೇ ದೊಡ್ಡ ಉದಾಹರಣೆ 2020ರ ಡಿಸೆಂಬರ್ 12ರದ್ದು. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಾಟೆಯಾಗಿ ನೂರಕ್ಕೂ ಹೆಚ್ಚು ಜನರ ಬಂಧನ ಆಯ್ತು. ಗಾಜು ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಒಂದೇ ವಾರದಲ್ಲಿ ಕಂಪನಿಯೇ ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಆಗಿಲ್ಲ ಅಂತ ಒಪ್ಪಿ ಕ್ಷಮೆ ಕೇಳಿತು. ಕ್ಷಮೆ ಪತ್ರಿಕೆಯಲ್ಲಿ ಬಂತು. ಎಫ್‌ಐಆರ್ ಹಾಳೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ? ಗುಂಪು ಗಲಾಟೆಯ ಕೇಸಿನಲ್ಲಿ ಸಿಕ್ಕಿಕೊಂಡ ಇಪ್ಪತ್ತೆರಡರ ಹುಡುಗ ಮುಂದೆ ಹೋದಲ್ಲೆಲ್ಲ ಮೊದಲ ಪುಟವನ್ನೇ ಹೊತ್ಕೊಂಡು ಹೋಗಬೇಕು.

ಹಾಗಾದ್ರೆ ಎಲ್ಲ ಅಳಿಸಿ ಹಾಕೋಣವಾ? ಇಲ್ಲ. ಬ್ರಿಟನ್ನಿನಲ್ಲಿ 1974ರಿಂದಲೇ ಒಂದು ಕಾಯ್ದೆ ಇದೆ, ಸಣ್ಣ ಶಿಕ್ಷೆಗಳನ್ನು ಇಂತಿಷ್ಟು ವರ್ಷ ಆದ ಮೇಲೆ ಹೇಳಬೇಕಾಗಿಲ್ಲ ಅಂತ. ನಮ್ಮಲ್ಲಿ ಅಂಥ ರಿಯಾಯಿತಿ ಮುಖ್ಯವಾಗಿ ಬಾಲ ನ್ಯಾಯ ಕಾಯ್ದೆಯಡಿ ಬರೋ ಮಕ್ಕಳಿಗೆ. ಅದನ್ನು ದೊಡ್ಡವರಿಗೂ ತರಬೇಕಾ ಅನ್ನೋದು ದೊಡ್ಡ ಚರ್ಚೆ. ಆದರೆ ದಾಖಲೆ ಅಳಿಸೋ ಮಾತು ಬಂದಾಗ ನನಗೆ ಕಂಬಾಲಪಲ್ಲಿ ನೆನಪಾಗುತ್ತೆ. 2000ದ ಮಾರ್ಚ್ 11, ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದ್ದ ಚಿಂತಾಮಣಿ ತಾಲೂಕು. ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. "ಖುಲಾಸೆ ಆಯ್ತಲ್ಲ, ದಾಖಲೆ ತೆಗೀರಿ" ಅನ್ನೋ ನಿಯಮ ಬಂದ್ರೆ ಇಂಥ ಕೇಸಿನಲ್ಲಿ ಏನು ತಪ್ಪಾಯ್ತು ಅಂತ ಓದೋರು ಯಾರು? ಸತ್ತವರ ಕಡೆಯವರಿಗೆ ಉಳಿದಿರೋದೇ ಆ ಕಾಗದ. ಅದಕ್ಕೇ ನಾನು ಅಳಿಸಿ ಅನ್ನಲ್ಲ, ಜೋಡಿಸಿ ಅಂತೀನಿ. ಮೊದಲ ಪುಟ ಕಾಣೋ ಕಡೆ ಕೊನೇ ಪುಟವೂ ಕಾಣಲಿ.

ಹಾಗೇ ಪಕ್ಕದ ಮನೆಯವನ ಹೆಸರು ಹಾಕಿ ಜಾತಕ ತೆಗೆಯೋ ಚಪಲಕ್ಕೂ ನನ್ನ ಬೆಂಬಲ ಇಲ್ಲ. ಮದುವೆ ಗಂಡಿನ ಹೆಸರು ಹಾಕಿ ನೋಡೋರು ಇದಾರೆ. ಇನ್ಯಾವನೋ ನಾರಾಯಣಸ್ವಾಮಿ ಮಾಡಿದ್ದಕ್ಕೆ ಇವನ ಸಂಬಂಧ ಮುರಿದು ಬೀಳುತ್ತೆ. ಯಾರ ದಾಖಲೆ ಎಲ್ಲರಿಗೂ ಕಾಣಲೇಬೇಕೋ ಅದಕ್ಕೆ ಆಗಲೇ ದಾರಿ ಇದೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳು ತಮ್ಮ ಮೇಲಿನ ಕೇಸುಗಳನ್ನು ಅಫಿಡವಿಟ್‌ನಲ್ಲಿ ಬರೆದು ಕೊಡಬೇಕು. ನಮ್ಮ ಶಾಸಕರ ಕೇಸುಗಳನ್ನು ಲಕ್ಕೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಓದಬಹುದು. ಅದೇ ಬಸ್ ಸ್ಟ್ಯಾಂಡಿನಲ್ಲಿ ಕೂತವನಿಗೆ ತನ್ನದೇ ಖುಲಾಸೆಯ ಸೀಲು ಹಾಕಿದ ಪ್ರತಿ ಸಿಗಲ್ಲ. ಇದೆಂಥ ಲೆಕ್ಕ?

ನಾನು ಕೇಳೋದು ಮೂರೇ ಮೂರು.

ಒಂದು, ಪೊಲೀಸ್ ವೆಬ್‌ಸೈಟಿನ ಪ್ರತಿ ಎಫ್‌ಐಆರ್ ಪಕ್ಕ ಕೋರ್ಟಿನ ಕೇಸ್ ನಂಬರ್ ಮತ್ತು ಈಗಿನ ಸ್ಥಿತಿ. ತಾಂತ್ರಿಕವಾಗಿ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಾನಂತೂ ನಂಬಲ್ಲ. ಪೊಲೀಸ್ ಠಾಣೆಗಳನ್ನು ಜೋಡಿಸೋ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಪೊಲೀಸ್, ಕೋರ್ಟು, ಜೈಲು ಎಲ್ಲದರ ಡೇಟಾ ಸೇರಿಸೋ ಐಸಿಜೆಎಸ್ ಯೋಜನೆಯ ಎರಡನೇ ಹಂತಕ್ಕೆ 2022ರಲ್ಲಿ ಕೇಂದ್ರ ಕೊಟ್ಟಿದ್ದು 3,375 ಕೋಟಿ. ಅಧಿಕಾರಿಗಳಿಗೆ ಅಂತ ಮಾಡಿದ ಜೋಡಣೆಯ ಒಂದು ಸಾಲನ್ನು ಜನರಿಗೂ ತೋರಿಸಿ ಅಷ್ಟೇ.

ಎರಡು, ಖುಲಾಸೆ ಆದವರಿಗೆ, ಬಿ ರಿಪೋರ್ಟ್ ಅಂಗೀಕಾರ ಆದವರಿಗೆ ಆ ಆದೇಶದ ದೃಢೀಕೃತ ಪ್ರತಿ ಅರ್ಜಿ ಇಲ್ಲದೆ, ದುಡ್ಡಿಲ್ಲದೆ, ಅವತ್ತೇ.

ಮೂರು, ಹೋಬಳಿಯಲ್ಲಿ ನಾಡಕಚೇರಿ ಇದೆ, ಗ್ರಾಮ ಒನ್ ಇದೆ. ಪಹಣಿ, ಜಾತಿ ಪ್ರಮಾಣಪತ್ರ ಅಲ್ಲಿ ಸಿಗುತ್ತೆ. ನನ್ನ ಕೇಸಿನ ಕಾಗದ ಯಾಕೆ ಸಿಗಬಾರದು? ಆಧಾರ್ ಒಟಿಪಿ ಹಾಕಿ, ಅವರವರ ದಾಖಲೆ ಅವರವರಿಗೆ ಮಾತ್ರ.

ಅದೆಲ್ಲ ಆಗೋವರೆಗೆ ಊರಿನಲ್ಲಿರೋ ನಿಮ್ಮವರಿಗೆ ಹೇಳಿ. ಕೇಸು ಮುಗಿದ ದಿನ ಹಾಗೇ ಎದ್ದು ಬರಬೇಡಿ, ಅವತ್ತೇ ನಕಲಿಗೆ ಅರ್ಜಿ ಹಾಕಿ. ಒಂದಲ್ಲ, ಎರಡು ಪ್ರತಿ ತಗೊಳ್ಳಿ. ಕ್ರೈಂ ನಂಬರ್, ಸಿ.ಸಿ. ನಂಬರ್, ಸಿಎನ್‌ಆರ್ ನಂಬರ್ ಮೂರನ್ನೂ ರೇಷನ್ ಕಾರ್ಡಿನ ಜೊತೆ ಬರೆದಿಡಿ. ಎಸ್‌ಸಿ, ಎಸ್‌ಟಿಯವರಿಗೆ, ಹೆಂಗಸರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ಉಚಿತ ಕಾನೂನು ನೆರವು ಇದೆ. ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ನಾಚಿಕೆ ಬೇಡ. ಫೈನ್ ಕಟ್ಟಿ ಮುಗಿಸು ಅಂತ ಯಾರಾದ್ರೂ ಅಂದ್ರೆ ಮೊದಲು ಒಬ್ಬ ವಕೀಲರನ್ನ ಕೇಳಿ.

ನಿಮ್ಮ ತಾಲೂಕಿನಲ್ಲಿ ಹೇಗಿದೆ? ಖುಲಾಸೆ ಪ್ರತಿ ಒಂದೇ ದಿನದಲ್ಲಿ ಸಿಕ್ಕಿದ ಊರು ಯಾವುದಾದ್ರೂ ಇದ್ದರೆ ಹೇಳಿ. ಅಲ್ಲಿ ಹೇಗೆ ಮಾಡ್ತಾರೆ ಅಂತ ಬರೆದು ಉಳಿದವರಿಗೆ ತಿಳಿಸೋಣ.