ಮುಂದಿನ ಪುಟಕ್ಕೆ ಹೋಗದ ಬಾಕಿ

ಮಕ್ಕಳೇ,

ಕಬಡ್ಡಿ ಎಂದರೆ ಒಂದೇ ಉಸಿರಿನಲ್ಲಿ ನುಗ್ಗುವುದು, ಎದುರಾಳಿಯನ್ನು ಮುಟ್ಟಿ ಬರುವುದು. 2020ರಲ್ಲಿ ಕೊರೊನಾ ಬಂತು. ಉಸಿರಿಗೆ ಮಾಸ್ಕ್, ಮುಟ್ಟಲು ಹೆದರಿಕೆ. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ನಮ್ಮ ಅರಳಗುಪ್ಪೆಯಲ್ಲೂ ಮಕ್ಕಳು ಮನೆ ಸೇರಿದರು.

ಪಕ್ಕದ ಮನೆಯ ಹುಡುಗ ಆಗ ಹತ್ತನೇ ತರಗತಿಗೆ ಬಂದಿದ್ದ. ಎರಡು ವರ್ಷ ಹೊರಗೆ ಕೂತು ಚಪ್ಪಾಳೆ ಹೊಡೆದವನಿಗೆ ಆ ವರ್ಷ ಶಾಲೆಯ ತಂಡದಲ್ಲಿ ಜಾಗ ಸಿಗುವುದಿತ್ತು. ಸಿಗಲಿಲ್ಲ.

"ತಾತ, ಟಿವಿಯಲ್ಲಾದರೂ ಕಬಡ್ಡಿ ಬರುತ್ತಾ?" ಎಂದು ದಿನಾ ಕೇಳುತ್ತಿದ್ದ.

ಅದೂ ಬರಲಿಲ್ಲ. 2020ರಲ್ಲಿ ಪ್ರೊ ಕಬಡ್ಡಿ ನಡೆಯಲೇ ಇಲ್ಲ. ಎಂಟನೇ ಆವೃತ್ತಿ ಶುರುವಾದದ್ದು 2021ರ ಡಿಸೆಂಬರ್ 22ರಂದು. ಊರೂರು ಸುತ್ತುತ್ತಿದ್ದ ಟೂರ್ನಿ ಬೆಂಗಳೂರಿನಲ್ಲಿ ಒಂದೇ ಕಡೆ, ಪ್ರೇಕ್ಷಕರಿಲ್ಲದೆ ನಡೆಯಿತು. ಫೈನಲ್‌ನಲ್ಲಿ ದಬಂಗ್ ಡೆಲ್ಲಿ 37–36ರಿಂದ ಪಟ್ನಾ ಪೈರೇಟ್ಸ್ ತಂಡವನ್ನು ಸೋಲಿಸಿತು. ಒಂದೇ ಅಂಕ!

ಬ್ಯಾಂಕಿನಲ್ಲಿ ನಾನು ಪುಟ ಮುಗಿದಾಗ ಬಾಕಿಯನ್ನು ಮುಂದಿನ ಪುಟಕ್ಕೆ ಬರೆಯುತ್ತಿದ್ದೆ. ಲೀಗಿನವರೂ ಆಟವನ್ನು ಹಾಗೇ ಮುಂದಕ್ಕೆ ಒಯ್ದರು. ಈ ಹುಡುಗನಿಗೆ ಮುಂದಿನ ಪುಟವಿರಲಿಲ್ಲ. ಅಷ್ಟರಲ್ಲಿ ಅವನು ತಿಪಟೂರಿನ ಕಾಲೇಜು ಸೇರಿದ್ದ.

"ಮುಂದಿನ ವರ್ಷ ಆಡುವೆಯಂತೆ ಬಿಡೋ" ಎಂದು ನಾನು ಅಂದಿದ್ದೆ. ಅದು ನನ್ನ ತಪ್ಪು ಲೆಕ್ಕ.

ಈಗ ಭಾನುವಾರ ಅವನು ತೆಂಗಿನ ತೋಟದ ಪಕ್ಕದ ಬಯಲಲ್ಲಿ ಚಿಕ್ಕ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಾನೆ. ಅಲ್ಲಿ ಯಾರನ್ನೂ ಹೊರಗೆ ಕೂರಿಸುವುದಿಲ್ಲ. ಎಲ್ಲರಿಗೂ ಸರದಿ ಬರುತ್ತದೆ.

ಅಜ್ಜ ಅಜ್ಜಿಯರೇ, ಮೊಮ್ಮಗು ಆಟ ತಪ್ಪಿತೆಂದು ಅತ್ತರೆ ಸಮಾಧಾನ ಆಮೇಲೆ ಹೇಳಿ. ಮೊದಲು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.